ನೆರಳಿನಿಂದ ಒಡಲು ಕಂಡವರು: ಜಿ. ಎನ್. ರಾಮಚಂದ್ರನ್

ದೇವದುರ್ಗದಲ್ಲೋ ಮಾನ್ವಿಯಲ್ಲೋ ಯಾರಿಗಾದ್ರೂ ತಲೆಗೆ ಪೆಟ್ಟು ಬಿತ್ತು ಅಂದ್ರೆ ಡಾಕ್ಟ್ರು ಮೊದಲು ಹೇಳೋ ಮಾತು ನಮಗೆಲ್ಲ ಗೊತ್ತು. ರಾಯಚೂರಿಗೆ ಹೋಗ್ರಿ, ಸಿಟಿ ಮಾಡ್ಸ್ರಿ. ಗಬ್ಬೂರು ದಾಟಿ ಬರೋ ಬಸ್ಸಲ್ಲೋ, ಮಾನ್ವಿ ರಸ್ತೆಯ ಆಂಬುಲೆನ್ಸಲ್ಲೋ ಬಂದು, ರಿಮ್ಸ್‌ನಲ್ಲೋ ಬೇರೆ ಸ್ಕ್ಯಾನಿಂಗ್ ಸೆಂಟರಲ್ಲೋ ಆ ದೊಡ್ಡ ಬಳೆಯಂಥ ಯಂತ್ರದೊಳಗೆ ಮಲಗ್ತಾರೆ. ಕೆಲವೇ ನಿಮಿಷ. ತಲೆಬುರುಡೆ ತೆರೆಯದೇ ಒಳಗಿನ ರಕ್ತಸ್ರಾವ ಪರದೆ ಮೇಲೆ ಕಾಣುತ್ತೆ.

ಆ ಚಿತ್ರ ಮೂಡೋದರ ಹಿಂದೆ ಒಂದು ಲೆಕ್ಕ ಇದೆ. ಆ ಲೆಕ್ಕವನ್ನು ಕಂಪ್ಯೂಟರ್ ಸುಲಭವಾಗಿ ಮಾಡುವಂಥ ರೂಪಕ್ಕೆ ತಂದವರಲ್ಲಿ ಒಬ್ಬರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೂತು ಅದನ್ನು ಬರೆದರು. ಬಯಾಲಜಿ ಓದಿದವರಿಗೆ ಅವರ ಹೆಸರು ರಾಮಚಂದ್ರನ್ ಪ್ಲಾಟ್‌ನಿಂದ ಗೊತ್ತು. ಎಂಜಿನಿಯರಿಂಗ್ ಓದೋ ನಮಗೂ ಗೊತ್ತಿರಬೇಕು, ಯಾಕಂದ್ರೆ ನಾವು ನಾಲ್ಕನೇ ಸೆಮಿಸ್ಟರ್ ಆಸುಪಾಸಿನಲ್ಲಿ ಬೈಕೊಂಡು ಓದೋ ಕನ್ವಲ್ಯೂಷನ್ನೇ ಅವರ ಕೈಯ ಆಯುಧ. ಈ ಸಂಚಿಕೆಯಲ್ಲಿ ಅವರ ಬದುಕನ್ನು ಹೇಳೋಣ ಅಂತ ನಾವು ಹೊರಟಿದ್ದೇವೆ.

ಗಣಿತದ ಮೇಷ್ಟ್ರ ಮಗ

ಗೋಪಾಲಸಮುದ್ರಂ ನಾರಾಯಣ ಅಯ್ಯರ್ ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಆಗಿನ ಕೊಚ್ಚಿ ಸಂಸ್ಥಾನದ ಎರ್ನಾಕುಲಂನಲ್ಲಿ. ತಂದೆ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಹುಡುಗನಿಗೆ ಗಣಿತದ ರುಚಿ ಹತ್ತಿದ್ದು ಮನೆಯಲ್ಲೇ. ಈ ರುಚಿ ಕೊನೇವರೆಗೂ ಬಿಡಲಿಲ್ಲ. ಮುಂದೆ ಅವರು ಹರಳುಗಳ ಮೇಲೆ ಕೆಲಸ ಮಾಡಲಿ, ಪ್ರೋಟೀನ್ ಮೇಲೆ ಮಾಡಲಿ, ಎಕ್ಸ್-ರೇ ಚಿತ್ರದ ಮೇಲೆ ಮಾಡಲಿ, ಎಲ್ಲ ಕಡೆ ಜ್ಯಾಮಿತಿಯೇ ದಾರಿ ತೋರಿಸಿತು.

ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಫಿಸಿಕ್ಸ್ ಆನರ್ಸ್ ಮುಗಿಸಿ 1942ರಲ್ಲಿ ಬೆಂಗಳೂರಿಗೆ ಬಂದರು. ಇಲ್ಲೇ ನಮಗೆ ಸ್ವಾರಸ್ಯ ಅನಿಸೋ ಸಂಗತಿ. ಅವರು ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗಕ್ಕೆ! ಆಗ ಫಿಸಿಕ್ಸ್ ವಿಭಾಗಕ್ಕೆ ಸಿ. ವಿ. ರಾಮನ್ ಮುಖ್ಯಸ್ಥರು. ರಾಮನ್ ಕಣ್ಣಿಗೆ ಈ ಹುಡುಗ ಬಿದ್ದ. ಇವನನ್ನು ಎಲೆಕ್ಟ್ರಿಕಲ್‌ನವರಿಗೆ ಬಿಟ್ಟುಕೊಡಬಾರದು ಅಂತ ತಮ್ಮ ವಿಭಾಗಕ್ಕೇ ಎಳ್ಕೊಂಡರು. ಬ್ರಾಂಚ್ ಚೇಂಜ್ ಅನ್ನೋದು ಆಗಲೂ ಇತ್ತು ನೋಡ್ರಿ, ಆದರೆ ಈ ಸಲ ಅರ್ಜಿ ಹಾಕಿದ್ದು ಹುಡುಗನಿಗಿಂತ ಹೆಚ್ಚಾಗಿ ಮೇಷ್ಟ್ರು.

ರಾಮನ್ ಹತ್ತಿರ ಅವರು ಕಲಿತದ್ದು ಬೆಳಕು ಮತ್ತು ಹರಳು. ವಜ್ರದಂಥ ಹರಳುಗಳೊಳಗೆ ಬೆಳಕು ಹೇಗೆ ನಡೆದುಕೊಳ್ಳುತ್ತೆ, ಎಕ್ಸ್-ಕಿರಣ ಹೇಗೆ ಚದುರುತ್ತೆ ಅನ್ನೋದೇ ಕೆಲಸ. 1947ರಲ್ಲಿ ಡಿ.ಎಸ್ಸಿ. ಪದವಿ ಬಂತು. ಅಲ್ಲಿಂದ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ. ಎಕ್ಸ್-ರೇ ಕ್ರಿಸ್ಟಲೋಗ್ರಫಿಯನ್ನು ತಂದೆಯ ಜತೆ ಸೇರಿ ಕಟ್ಟಿದ ಲಾರೆನ್ಸ್ ಬ್ರ್ಯಾಗ್ ಆಗ ಅಲ್ಲಿನ ಮುಖ್ಯಸ್ಥರು. ವೂಸ್ಟರ್ ಎಂಬವರ ಮಾರ್ಗದರ್ಶನದಲ್ಲಿ 1949ರಲ್ಲಿ ಪಿಎಚ್.ಡಿ. ಮುಗಿಸಿದರು. ಹರಳಿನಿಂದ ಚದುರಿದ ಎಕ್ಸ್-ಕಿರಣವನ್ನು ಅಳೆದು, ಆ ಹರಳು ಎಷ್ಟು ಬಾಗುತ್ತೆ ಎಷ್ಟು ಹಿಗ್ಗುತ್ತೆ ಅನ್ನೋ ಸ್ಥಿರಾಂಕಗಳನ್ನು ಲೆಕ್ಕ ಹಾಕೋದು ಅವರ ವಿಷಯ. ಮೆಕ್ಯಾನಿಕಲ್‌ನವರು ಲ್ಯಾಬಿನಲ್ಲಿ ಕಂಬಿ ಎಳೆದು ನೋಡೋದನ್ನ ಇವರು ಕಿರಣ ಬಿಟ್ಟು ನೋಡಿದರು ಅನ್ನಬಹುದು. ಕಾಣದ್ದನ್ನು ಚದುರಿದ ಗುರುತಿನಿಂದ ಕಂಡುಹಿಡಿಯೋ ಅಭ್ಯಾಸ ಅಲ್ಲಿ ಗಟ್ಟಿಯಾಯ್ತು.

ಮದರಾಸಿನ ವರ್ಷಗಳು

ವಾಪಸ್ ಬಂದು ಬೆಂಗಳೂರಿನಲ್ಲಿ ಸ್ವಲ್ಪ ವರ್ಷ ಪಾಠ ಮಾಡಿದರು. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದವರು ಹೊಸ ಫಿಸಿಕ್ಸ್ ವಿಭಾಗಕ್ಕೆ ರಾಮನ್ ಅವರನ್ನೇ ಕರೆದರು. ರಾಮನ್ ತಾವು ಬರದೆ ಶಿಷ್ಯನ ಹೆಸರು ಹೇಳಿದರು. ಹೀಗೆ ಮೂವತ್ತರ ಹೊಸ್ತಿಲಲ್ಲಿ ರಾಮಚಂದ್ರನ್ ವಿಭಾಗದ ಮುಖ್ಯಸ್ಥರಾದರು.

ಆಗ ಭಾರತಕ್ಕೆ ಬಂದಿದ್ದ ಇಂಗ್ಲೆಂಡಿನ ವಿಜ್ಞಾನಿ ಬರ್ನಾಲ್ ಒಂದು ಮಾತು ತೆಗೆದರು. ಚರ್ಮ, ಮೂಳೆ, ಸ್ನಾಯುರಜ್ಜು ಇವುಗಳಲ್ಲೆಲ್ಲ ಇರೋ ಕೊಲಾಜೆನ್ ಎಂಬ ಪ್ರೋಟೀನಿನ ರಚನೆ ಇನ್ನೂ ಸರಿಯಾಗಿ ಗೊತ್ತಾಗಿಲ್ಲ ಅನ್ನೋದು. ರಾಮಚಂದ್ರನ್ ಅದನ್ನು ಕೈಗೆತ್ತಿಕೊಂಡರು. ಜತೆಗಾರ ಗೋಪಿನಾಥ್ ಕರ್ತಾ. 1954ರಲ್ಲಿ ಇಬ್ಬರೂ ಸೇರಿ ಕೊಲಾಜೆನ್ ಮೂರು ಎಳೆ ಹೆಣೆದ ರಚನೆ ಅಂತ ನೇಚರ್ ಪತ್ರಿಕೆಯಲ್ಲಿ ತೋರಿಸಿದರು. ಮರುವರ್ಷ ಅದನ್ನು ತಿದ್ದಿ, ಮೂರು ಎಳೆಗಳೂ ಒಂದರ ಸುತ್ತ ಒಂದು ಹಗ್ಗದ ಹಾಗೆ ಹೊಸೆದುಕೊಂಡಿವೆ ಅಂದರು. ನಮ್ಮೂರ ಕಡೆ ಮೂರು ಪುರಿ ಹಾಕಿ ಹಗ್ಗ ಹೊಸೆಯೋದನ್ನ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಒಂದೇ ಪುರಿಯಾದರೆ ಬಿಚ್ಚಿಕೊಳ್ಳುತ್ತೆ, ಮೂರಾದರೆ ಎತ್ತು ಎಳೆದರೂ ಹರಿಯಲ್ಲ.

ಕೇಂಬ್ರಿಜ್‌ನ ಕ್ರಿಕ್ ಮತ್ತು ರಿಚ್ ಇದಕ್ಕೆ ತಕರಾರು ತೆಗೆದರು. ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬೇಕಾದ್ದಕ್ಕಿಂತ ಹತ್ತಿರ ಬಂದಿವೆ ಅನ್ನೋದು ಅವರ ಆಕ್ಷೇಪ. ಇಂಥಾ ಹೊತ್ತಲ್ಲಿ ಬಾಯಿ ಜಗಳಕ್ಕೆ ಇಳಿಯೋರು ಭಾಳ ಮಂದಿ. ರಾಮಚಂದ್ರನ್ ಕೇಳಿದ್ದು ಬೇರೆ ಪ್ರಶ್ನೆ: ಪರಮಾಣುಗಳು ಎಷ್ಟು ಹತ್ತಿರ ಬರಬಹುದು ಅಂತ ಯಾರಾದರೂ ಕೂತು ಅಳೆದಿದ್ದಾರಾ? ಅಲ್ಲಿವರೆಗೆ ಪ್ರಕಟವಾಗಿದ್ದ ಹರಳು ರಚನೆಗಳನ್ನೆಲ್ಲ ಜಾಲಾಡಿ ದೂರಗಳ ಪಟ್ಟಿ ಮಾಡಿಸಿದರು. ಆ ಪಟ್ಟಿಯಿಂದ ಹುಟ್ಟಿದ್ದೇ 1963ರಲ್ಲಿ ರಾಮಕೃಷ್ಣನ್ ಮತ್ತು ಶಶಿಶೇಖರನ್ ಜತೆ ಪ್ರಕಟಿಸಿದ ರಾಮಚಂದ್ರನ್ ಪ್ಲಾಟ್. ಪ್ರೋಟೀನ್ ಸರಪಣಿಯ ಪ್ರತಿ ಕೊಂಡಿಯಲ್ಲಿ ಫೈ, ಸೈ ಅಂತ ಎರಡು ತಿರುಗು ಕೋನಗಳಿವೆ. ಯಾವ ಜೋಡಿ ಕೋನ ಸಾಧ್ಯ, ಯಾವುದು ಅಸಾಧ್ಯ ಅಂತ ಒಂದೇ ಚೌಕದ ಗ್ರಾಫ್‌ನಲ್ಲಿ ತೋರಿಸೋ ನಕ್ಷೆ ಅದು. ಇವತ್ತಿಗೂ ಪ್ರೋಟೀನ್ ರಚನೆ ಬಿಡಿಸಿದವರು ಆ ಗ್ರಾಫ್ ಹಾಕಿ ನೋಡದೆ ಮುಂದೆ ಹೋಗಲ್ಲ. ಎದುರಾಳಿಯ ಆಕ್ಷೇಪವನ್ನೇ ಮೆಟ್ಟಿಲು ಮಾಡ್ಕೊಳ್ಳೋದು ಅಂದ್ರೆ ಇದು.

ಮತ್ತೆ ಬೆಂಗಳೂರು: ನೆರಳಿನ ಲೆಕ್ಕ

1970ರ ಆಸುಪಾಸಿನಲ್ಲಿ ರಾಮಚಂದ್ರನ್ ಮದರಾಸು ಬಿಟ್ಟರು. ಸತೀಶ್ ಧವನ್ ನಿರ್ದೇಶಕರಾಗಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಆ ದಿನಗಳಲ್ಲೇ ಅವರ ತಲೆ ಹೊಕ್ಕ ಪ್ರಶ್ನೆ ಚಿತ್ರಗಳದ್ದು.

ಸಾದಾ ಎಕ್ಸ್-ರೇ ಒಂದು ನೆರಳು ಅಷ್ಟೇ. 1895ರ ನವೆಂಬರ್‌ನಲ್ಲಿ ರಾಂಟ್ಜೆನ್ ಆ ಕಿರಣ ಕಂಡಾಗಿನಿಂದಲೂ ಇದೇ ಕಥೆ. ಎದೆಯ ಎಕ್ಸ್-ರೇಯಲ್ಲಿ ಮುಂದಿನ ಪಕ್ಕೆಲುಬು, ಹೃದಯ, ಬೆನ್ನುಮೂಳೆ ಎಲ್ಲ ಒಂದರ ಮೇಲೊಂದು ಬಿದ್ದಿರುತ್ತೆ. ಯಾವುದು ಮುಂದೆ, ಯಾವುದು ಹಿಂದೆ ಅಂತ ಹಾಳೆ ಹೇಳಲ್ಲ. ಹಾಗಾದರೆ ಸುತ್ತ ಹಲವು ಕೋನಗಳಿಂದ ನೆರಳು ಹಿಡಿದರೆ ಒಳಗಿನ ಒಡಲನ್ನು ಮತ್ತೆ ಕಟ್ಟಬಹುದಾ?

ರಾಯಚೂರು ಎಪಿಎಂಸಿಯ ಒಂದು ಗೋದಾಮನ್ನ ಕಲ್ಪಿಸಿಕೊಳ್ಳಿ. ನಾಲ್ಕು ಮೂಲೆಯಲ್ಲಿ ನಾಲ್ಕು ರಾಶಿ ಚೀಲ. ಒಳಗೆ ಹೋಗೋ ಹಾಗಿಲ್ಲ, ಹೊರಗಿನಿಂದ ಸಾಲಿನ ಮೊತ್ತ ಮಾತ್ರ ಗೊತ್ತಾಗುತ್ತೆ. ಮೇಲಿನ ಸಾಲಲ್ಲಿ 5, ಕೆಳಗಿನ ಸಾಲಲ್ಲಿ 9. ಎಡ ಕಂಬಸಾಲಲ್ಲಿ 6, ಬಲದಲ್ಲಿ 8. ಮೇಲೆ 2 ಮತ್ತು 3, ಕೆಳಗೆ 4 ಮತ್ತು 5 ಅಂದ್ರೆ ಲೆಕ್ಕ ಸರಿಹೋಗುತ್ತೆ. ಆದರೆ ಮೇಲೆ 1 ಮತ್ತು 4, ಕೆಳಗೆ 5 ಮತ್ತು 4 ಅಂದ್ರೂ ಸರಿಹೋಗುತ್ತೆ! ನಾಲ್ಕು ಸಮೀಕರಣ ಇದ್ದರೂ ರ‍್ಯಾಂಕ್ ಮೂರೇ ಅಂತ ನಮ್ಮ ಮ್ಯಾಥ್ಸ್ ಸರ್ ಹೇಳೋದು ಇದನ್ನೇ. ಈಗ ಓರೆಯಾಗಿ ಇನ್ನೊಂದು ನೋಟ ಹಾಯಿಸಿ. ಮೇಲಿನ ಎಡಮೂಲೆ, ಕೆಳಗಿನ ಬಲಮೂಲೆ ಸೇರಿ 7 ಅಂತ ತಿಳಿದರೆ ಎರಡನೇ ಉತ್ತರ ಬಿದ್ದುಹೋಗುತ್ತೆ, ಮೊದಲನೆಯದು ಮಾತ್ರ ಉಳಿಯುತ್ತೆ. ಕೋನ ಹೆಚ್ಚಿದಷ್ಟೂ ಗುಟ್ಟು ಬಿಚ್ಚಿಕೊಳ್ಳುತ್ತೆ. ಎಕ್ಸ್-ಕಿರಣದ ವಿಷಯದಲ್ಲೂ ಅಷ್ಟೇ. ಒಳಹೋದ ಕಿರಣ ಎಷ್ಟು, ಹೊರಬಂದದ್ದೆಷ್ಟು ಅನ್ನೋ ಅನುಪಾತದ ಲಾಗರಿದಮ್ ತೆಗೆದರೆ ಆ ದಾರಿಯುದ್ದಕ್ಕೂ ಇರೋ ವಸ್ತುವಿನ ಮೊತ್ತ ಸಿಗುತ್ತೆ.

ಇಂಥ ಮೊತ್ತಗಳಿಂದ ಮೂಲವನ್ನು ಪಡೆಯಬಹುದು ಅಂತ ಆಸ್ಟ್ರಿಯಾದ ಗಣಿತಜ್ಞ ರಾಡಾನ್ 1917ರಲ್ಲೇ ಸಾಧಿಸಿದ್ದರು. ಸೂತ್ರ ಇತ್ತು, ಆದರೆ ಸೂತ್ರ ಇರೋದು ಬೇರೆ, ಅಳತೆಯ ಅಂಕಿಗಳನ್ನು ಕೊಟ್ಟಾಗ ಕಂಪ್ಯೂಟರ್ ಬೇಗ ಉತ್ತರ ಕೊಡೋದು ಬೇರೆ. 1968ರಲ್ಲಿ ಕೇಂಬ್ರಿಜ್‌ನ ಡಿರೋಸಿಯರ್ ಮತ್ತು ಕ್ಲುಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರಗಳಿಂದ ವೈರಸ್ಸಿನ ಭಾಗವನ್ನು ಮೂರು ಆಯಾಮದಲ್ಲಿ ಕಟ್ಟಿದ್ದರು. ಅವರ ದಾರಿ ಫೂರಿಯೇ ಟ್ರಾನ್ಸ್‌ಫಾರ್ಮ್. ಪ್ರತಿ ನೆರಳಿನ ಫೂರಿಯೇ ತೆಗೆಯಬೇಕು, ಅವನ್ನು ಚಕ್ರದ ಅರೆಗಳ ಹಾಗೆ ಜೋಡಿಸಬೇಕು, ಅರೆಗಳ ನಡುವಿನ ಖಾಲಿ ಜಾಗ ಅಂದಾಜಿನಿಂದ ತುಂಬಬೇಕು, ಆಮೇಲೆ ಇಡೀ ಚಿತ್ರವನ್ನು ತಿರುಗಿ ತರಬೇಕು. ಆಗಿನ ಕಂಪ್ಯೂಟರ್‌ಗೆ ಇದು ಭಾರೀ ಹೊರೆ.

ರಾಮಚಂದ್ರನ್ ಮತ್ತು ಅವರ ವಿದ್ಯಾರ್ಥಿ ಎ. ವಿ. ಲಕ್ಷ್ಮಿನಾರಾಯಣನ್ ಫೂರಿಯೇ ಲೋಕಕ್ಕೆ ಹೋಗೋದನ್ನೇ ತಪ್ಪಿಸಿದರು. ಫ್ರೀಕ್ವೆನ್ಸಿಯಲ್ಲಿ ಗುಣಾಕಾರ ಅಂದ್ರೆ ಈ ಕಡೆ ಕನ್ವಲ್ಯೂಷನ್ ಅಂತ ನಾವು ಪರೀಕ್ಷೆಗೆ ಬರೀತೀವಲ್ಲ, ಅದೇ ನಿಯಮ. ನೆರಳನ್ನು ಸುಮ್ಮನೆ ಬಂದ ದಾರಿಯಲ್ಲೇ ವಾಪಸ್ ಹರಡಿದರೆ ಚಿತ್ರ ಮಸುಕಾಗುತ್ತೆ. ಒಂದು ಚುಕ್ಕಿ ಇದ್ದ ಕಡೆ ಎಲ್ಲ ಕೋನದ ಗೆರೆಗಳೂ ಹಾಯ್ದು, ರಂಗೋಲಿ ಪುಡಿ ಕೈಯಿಂದ ಎಳೆದಂತೆ ಸುತ್ತ ಮಸಿ ಹರಡುತ್ತೆ. ಅದಕ್ಕೆ ಹರಡೋ ಮುಂಚೆಯೇ ಪ್ರತಿ ನೆರಳನ್ನು ಒಂದು ಅಂಕಿಗಳ ಸಾಲಿನ ಜತೆ ಕನ್ವಾಲ್ವ್ ಮಾಡಬೇಕು ಅನ್ನೋದು ಅವರ ಉಪಾಯ.

ಆ ಸಾಲು ನೋಡಿದರೆ ಇಷ್ಟೇನಾ ಅನಿಸುತ್ತೆ. ಅಳತೆಗಳ ನಡುವಿನ ಅಂತರ 1 ಅಂತ ಇಟ್ಟುಕೊಂಡರೆ, ನಡುವಿನ ಅಂಕಿ ನಾಲ್ಕರಲ್ಲೊಂದು. ಸಮಸಂಖ್ಯೆಯ ಸ್ಥಾನಗಳಲ್ಲೆಲ್ಲ ಸೊನ್ನೆ. ಬೆಸಸಂಖ್ಯೆಯ ಸ್ಥಾನಗಳಲ್ಲಿ ಋಣ ಅಂಕಿ: ಸ್ಥಾನಸಂಖ್ಯೆಯ ವರ್ಗವನ್ನು ಪೈ ವರ್ಗದಿಂದ ಗುಣಿಸಿ, ಒಂದನ್ನು ಅದರಿಂದ ಭಾಗಿಸಿದರೆ ಬರೋದು. ಅಂದ್ರೆ ಪಕ್ಕದ ಮನೆಯಲ್ಲಿ ಸುಮಾರು −0.101, ಮೂರನೇ ಮನೆಯಲ್ಲಿ ಸುಮಾರು −0.011, ಹೀಗೆ. ಎರಡೂ ಕಡೆ ಕೊನೇವರೆಗೆ ಕೂಡಿದರೆ ಮೊತ್ತ ಸೊನ್ನೆ. ನಡುವಿನ ಧನ ಅಂಕಿ ಚುಕ್ಕಿಯನ್ನು ಉಳಿಸುತ್ತೆ, ಪಕ್ಕದ ಋಣ ಅಂಕಿಗಳು ಹರಡೋ ಮಸಿಯನ್ನು ಅಳಿಸುತ್ತವೆ. ಬರೀ ಗುಣಾಕಾರ, ಕೂಡೋದು, ಹರಡೋದು. ಒಂದೊಂದು ಕೋನದ ನೆರಳು ಬಂದ ಹಾಗೆ ಕೆಲಸ ಮುಗಿಸ್ತಾ ಹೋಗಬಹುದು, ಎಲ್ಲ ಬರೋವರೆಗೆ ಕಾಯೋದು ಬೇಡ. ಕೆಲಸ ಬೇಗ ಆಗುತ್ತೆ, ಚಿತ್ರವೂ ಹೆಚ್ಚು ಸ್ಪಷ್ಟ.

ಇದು 1971ರಲ್ಲಿ ಎರಡು ಕಡೆ ಬಂತು. ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ರಾಮಚಂದ್ರನ್ ಬರೆದ ಲೇಖನದ ತಲೆಬರಹದಲ್ಲೇ ನೆರಳಿನಿಂದ ವಸ್ತುವನ್ನು ಮರಳಿ ಕಟ್ಟೋ ಮಾತಿದೆ. ಲಕ್ಷ್ಮಿನಾರಾಯಣನ್ ಜತೆಗಿನ ಲೇಖನ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಎಲೆಕ್ಟ್ರಿಕಲ್ ಬಿಟ್ಟು ಬಂದ ಹುಡುಗ ಮೂವತ್ತು ವರ್ಷದ ಮೇಲೆ ಎಲೆಕ್ಟ್ರಿಕಲ್‌ನವರ ಆಯುಧವನ್ನೇ ಹಿಡಿದಿದ್ದರು.

ಅದೇ ಹೊತ್ತಿಗೆ ಲಂಡನ್ನಿನಲ್ಲಿ

ಸರಿಯಾಗಿ 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ಸಲ ಒಬ್ಬ ರೋಗಿಯ ತಲೆಯ ಸಿಟಿ ಸ್ಕ್ಯಾನ್ ಆಯಿತು. ಯಂತ್ರ ಕಟ್ಟಿದವರು ಗಾಡ್‌ಫ್ರೇ ಹೌನ್ಸ್‌ಫೀಲ್ಡ್, ಗ್ರಾಮಫೋನ್ ರೆಕಾರ್ಡಿಗೆ ಹೆಸರಾದ ಇಎಂಐ ಕಂಪನಿಯ ಎಂಜಿನಿಯರ್. ಬೆಂಗಳೂರಿನ ಲೆಕ್ಕ ಅವರ ಯಂತ್ರದಲ್ಲಿರಲಿಲ್ಲ. ಅವರು ನಮ್ಮ ಗೋದಾಮಿನ ಚೀಲದ ಲೆಕ್ಕದಂತೆ, ಅಂದಾಜು ಮಾಡಿ ತಿದ್ದಿ ಮತ್ತೆ ತಿದ್ದೋ ವಿಧಾನ ಬಳಸಿದ್ದರು. ದಕ್ಷಿಣ ಆಫ್ರಿಕಾ ಮೂಲದ ಕಾರ್ಮ್ಯಾಕ್ 1963 ಮತ್ತು 1964ರಲ್ಲೇ ಇದರ ಗಣಿತ ಬರೆದಿದ್ದರು, ಯಾರೂ ತಿರುಗಿ ನೋಡಿರಲಿಲ್ಲ. ಕನ್ವಲ್ಯೂಷನ್ ದಾರಿಯನ್ನು ರೇಡಿಯೋ ಖಗೋಳದ ಕೆಲಸಕ್ಕಾಗಿ ಬ್ರೇಸ್‌ವೆಲ್ ಮತ್ತು ರಿಡ್ಲ್ 1967ರಲ್ಲಿ ಕಂಡಿದ್ದರು. ಅಂದ್ರೆ ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಅಗತ್ಯಕ್ಕೆ, ಒಂದೇ ಗಂಟನ್ನು ಹಲವರು ಬಿಚ್ಚುತ್ತಿದ್ದರು. ರಾಮಚಂದ್ರನ್ ಒಬ್ಬರೇ ಸಿಟಿ ಸ್ಕ್ಯಾನ್ ಕಂಡುಹಿಡಿದರು ಅಂತ ಹೆಮ್ಮೆಯಲ್ಲಿ ಹೇಳಿಬಿಡೋದು ಸರಿಯಲ್ಲ. ಅದರ ಅಗತ್ಯವೂ ಅವರ ಹೆಸರಿಗಿಲ್ಲ.

ಮುಂದಿನ ವರ್ಷಗಳಲ್ಲಿ ಸ್ಕ್ಯಾನರ್‌ಗಳು ಇದೇ ಕನ್ವಲ್ಯೂಷನ್ ದಾರಿಗೆ ತಿರುಗಿದವು. 1974ರಲ್ಲಿ ಶೆಪ್ ಮತ್ತು ಲೋಗನ್ ಆ ಅಂಕಿ ಸಾಲನ್ನು ಸ್ವಲ್ಪ ನಯಮಾಡಿದರು, ಚಿತ್ರದಲ್ಲಿನ ಗದ್ದಲ ತಗ್ಗಿತು. 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್‌ಗೆ ಹೋಯಿತು. ಬೆಂಗಳೂರಿನ ಜೋಡಿಗೆ ಉಳಿದದ್ದು ಒಂದು ಹೆಸರು: ರಾಮ್-ಲ್ಯಾಕ್ ಫಿಲ್ಟರ್. ನಮ್ಮ ಲ್ಯಾಬಿನ ಮ್ಯಾಟ್‌ಲ್ಯಾಬ್‌ನಲ್ಲಿ ನೆರಳಿನಿಂದ ಚಿತ್ರ ಕಟ್ಟೋ ಐರೇಡಾನ್ ಎಂಬ ಫಂಕ್ಷನ್ ಇದೆ. ನಾವು ಯಾವ ಫಿಲ್ಟರ್ ಅಂತ ಹೇಳದಿದ್ದರೆ ಅದು ತಾನಾಗಿ ಆರಿಸೋದು ಇದನ್ನೇ.

ನಮಗೆ ಇಲ್ಲಿ ಒಂದು ಪ್ರಶ್ನೆ ಚುಚ್ಚುತ್ತೆ. ಗಣಿತ ಬೆಂಗಳೂರಿನಲ್ಲಿ ಹುಟ್ಟಿತು, ಯಂತ್ರ ಹೊರದೇಶದಿಂದ ಬಂತು. ಅಲ್ಲಿ ಗಣಿತದವರ ಪಕ್ಕದಲ್ಲಿ ಡಿಟೆಕ್ಟರ್ ಮಾಡೋರು, ಮೋಟಾರ್ ತಿರುಗಿಸೋರು, ಹಣ ಹಾಕೋ ಕಂಪನಿ, ಕಾಯ್ತಾ ಕೂತ ಡಾಕ್ಟ್ರು ಎಲ್ಲ ಇದ್ದರು. ಇಲ್ಲಿ ಕಾಗದ ಪೆನ್ನಿನ ಕೆಲಸ ಜಗತ್ತಿನ ಮಟ್ಟದ್ದು, ಅದನ್ನು ಕಬ್ಬಿಣ ತಂತಿಗೆ ಇಳಿಸೋ ಕೈಗಳ ಸಾಲು ಇರಲಿಲ್ಲ. ಆ ಕೈಗಳು ಎಂಜಿನಿಯರುಗಳದ್ದು, ಅಂದ್ರೆ ನಮ್ಮದು.

ಕೊನೆಯ ದಾರಿ

1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಫೆಲೋ ಮಾಡಿಕೊಂಡಿತು. ಅದಕ್ಕೂ ಮುಂಚೆ 1961ರಲ್ಲೇ ಭಟ್ನಾಗರ್ ಪ್ರಶಸ್ತಿ ಬಂದಿತ್ತು. ಎಪ್ಪತ್ತರ ದಶಕದ ಕೊನೆಗೆ ಯೂನಿಟ್‌ನ ಹೊಣೆ ಬಿಟ್ಟು ಅವರು ತರ್ಕಶಾಸ್ತ್ರಕ್ಕೆ ಹೊರಳಿದರು. ಜೈನರ ಸ್ಯಾದ್ವಾದವನ್ನು ಮ್ಯಾಟ್ರಿಕ್ಸ್, ವೆಕ್ಟರ್ ಭಾಷೆಯಲ್ಲಿ ಬರೆಯೋ ಪ್ರಯತ್ನ ಮಾಡಿದರು. ಹೌದು, ಇಲ್ಲ ಅನ್ನೋ ಎರಡೇ ಉತ್ತರ ಸಾಲದು, ಗೊತ್ತಿಲ್ಲ ಅನ್ನೋದಕ್ಕೂ ಗಣಿತದಲ್ಲಿ ಜಾಗ ಬೇಕು ಅನ್ನೋದು ಅದರ ಹುರುಳು.

ಕೊನೆಯ ವರ್ಷಗಳು ಸುಲಭವಾಗಿರಲಿಲ್ಲ. ಪಾರ್ಕಿನ್ಸನ್ ಕಾಯಿಲೆ ಹಿಡಿಯಿತು. 1945ರಲ್ಲಿ ಕೈಹಿಡಿದ ಪತ್ನಿ ರಾಜಲಕ್ಷ್ಮಿ 1998ರಲ್ಲಿ ತೀರಿಕೊಂಡರು. 1999ರಲ್ಲಿ ಕ್ರಿಸ್ಟಲೋಗ್ರಫಿಯ ಅಂತರರಾಷ್ಟ್ರೀಯ ಒಕ್ಕೂಟ ಎವಾಲ್ಡ್ ಬಹುಮಾನ ಕೊಟ್ಟಿತು. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ಅವರು ಕಣ್ಣು ಮುಚ್ಚಿದರು.

ಇದನ್ನು ನಾವು ಯಾಕೆ ಓದಬೇಕು

ನಮ್ಮ ಜೂನಿಯರ್‌ಗಳಲ್ಲಿ, ಊರಿನ ತಮ್ಮ ತಂಗಿಯರಲ್ಲಿ ಮೆಡಿಕಲ್ ಇಮೇಜಿಂಗ್ ಓದಬೇಕು ಅನ್ನೋರು ಇದ್ದಾರೆ. ಪಿಯುಸಿ ಸೈನ್ಸ್ ಆದ ಮೇಲೆ ಇಮೇಜಿಂಗ್ ಟೆಕ್ನಾಲಜಿಯಲ್ಲಿ ಬಿ.ಎಸ್ಸಿ. ಇದೆ. ಫಿಸಿಕ್ಸ್ ಎಂ.ಎಸ್ಸಿ. ಆದವರಿಗೆ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ರೇಡಿಯಾಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಇದೆ. ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಕಿರಣದ ಅಳತೆ ಹಾಕೋ ಮೆಡಿಕಲ್ ಫಿಸಿಸಿಸ್ಟ್‌ಗಳು ಈ ಹಾದಿಯಲ್ಲಿ ಬರ್ತಾರೆ. ಬಟನ್ ಒತ್ತೋ ಕೆಲಸ ಅಂತ ಇದನ್ನು ಹಗುರ ಮಾಡೋರಿಗೆ ಕಿವಿ ಕೊಡಬೇಡಿ. ಒಂದು ಎದೆ ಎಕ್ಸ್-ರೇಗೆ ಸುಮಾರು 0.1 ಮಿಲಿಸೀವರ್ಟ್ ವಿಕಿರಣ ಬಿದ್ದರೆ, ಎದೆಯ ಸಿಟಿಗೆ ಅದರ ಹತ್ತಾರು ಪಟ್ಟು ಬೀಳುತ್ತೆ. ಎಷ್ಟು ಕೊಟ್ಟರೆ ಕಾಯಿಲೆ ಕಾಣುತ್ತೆ, ಎಷ್ಟು ಕಮ್ಮಿ ಮಾಡಿದರೂ ನಡೆಯುತ್ತೆ ಅನ್ನೋದು ಆ ಕೋಣೆಯಲ್ಲಿ ನಿಂತವರ ತೀರ್ಮಾನ. ಅವರು ಎದೆಗೆ ಸಿಕ್ಕಿಸಿಕೊಳ್ಳೋ ಟಿಎಲ್‌ಡಿ ಬ್ಯಾಡ್ಜ್ ಅವರ ಮೈಗೆ ಬಿದ್ದದ್ದನ್ನೂ ಲೆಕ್ಕ ಇಡುತ್ತೆ.

ಎಂಜಿನಿಯರಿಂಗ್‌ನವರಿಗೂ ಇಲ್ಲಿ ಕೆಲಸ ಮುಗಿದಿಲ್ಲ. ಈಚೆಗೆ ವಿಕಿರಣ ಕಮ್ಮಿ ಮಾಡೋಕೆ ಅಂತ, ಹೌನ್ಸ್‌ಫೀಲ್ಡ್ ಬಿಟ್ಟಿದ್ದ ತಿದ್ದಿ ತಿದ್ದಿ ಕಟ್ಟೋ ವಿಧಾನವೇ ಹೊಸ ಕಂಪ್ಯೂಟರ್ ಬಲದೊಂದಿಗೆ ವಾಪಸ್ ಬಂದಿದೆ. ಡೀಪ್ ಲರ್ನಿಂಗ್ ಕೂಡ ಸೇರಿಕೊಂಡಿದೆ. ಆದರೂ ಹೊಸ ವಿಧಾನ ಎಷ್ಟು ಚೆನ್ನಾಗಿದೆ ಅಂತ ಹೋಲಿಸೋಕೆ ಇವತ್ತಿಗೂ ಪಕ್ಕದಲ್ಲಿ ಇಡೋದು ಫಿಲ್ಟರ್ ಹಾಕಿ ಹರಡೋ ಹಳೇ ಚಿತ್ರವನ್ನೇ. ಕಮ್ಮಿ ಖರ್ಚಿನ, ಕಮ್ಮಿ ವಿಕಿರಣದ ಯಂತ್ರ ತಾಲೂಕು ಆಸ್ಪತ್ರೆಗೇ ಬಂದರೆ ಪೆಟ್ಟು ಬಿದ್ದವರು ರಾಯಚೂರಿಗೆ ಓಡೋ ಆ ಮೊದಲ ಗಂಟೆ ಉಳಿಯುತ್ತೆ. ತಲೆಯ ಪೆಟ್ಟಿನಲ್ಲಿ ಆ ಗಂಟೆಯ ಬೆಲೆ ಎಷ್ಟು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಲ್ಯಾಬಿನಲ್ಲಿ ಒಂದು ಸಂಜೆ ಬಿಡುವು ಮಾಡ್ಕೊಂಡು ಒಂದು ಪ್ರಯೋಗ ಮಾಡಿ. ಯಾವುದಾದರೂ ಚಿತ್ರ ತಗೊಂಡು ಸುತ್ತ 180 ಕೋನದಿಂದ ನೆರಳು ತೆಗೆಯಿರಿ. ಮೊದಲು ಫಿಲ್ಟರ್ ಇಲ್ಲದೆ ವಾಪಸ್ ಹರಡಿ, ಮಂಜು ಕವಿದ ಹಾಗೆ ಕಾಣುತ್ತೆ. ಆಮೇಲೆ ಮೇಲೆ ಹೇಳಿದ ಅಂಕಿ ಸಾಲನ್ನು ನೀವೇ ಕೈಯಾರೆ ಟೈಪ್ ಮಾಡಿ ಕನ್ವಾಲ್ವ್ ಮಾಡಿ ಹರಡಿ. ಕೋನಗಳನ್ನು 180ರಿಂದ 20ಕ್ಕೆ ಇಳಿಸಿದರೆ ಏನು ಕೆಡುತ್ತೆ ಅಂತಲೂ ನೋಡಿ. ಕಂಡದ್ದನ್ನು ಕನ್ನಡದಲ್ಲೇ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಚಿತ್ರಗಳ ಸಮೇತ ಹಾಕ್ತೀವಿ.